ಎರಡು ನೂರು ಬಾರ್

ನಾ ಗಾಳಿ ತುಂಬಾಂವ.
ಬೈನಾದಾಗ ಕಾಯ್ತಾನನ ಶೆಡ್ಡು, ಅದರಾಗ ಕಂಪ್ರೆಸರು,
ಮುಂಜಾನೆ ಐದಕ್ಕ ಕೆಮ್ಮಕೋತ ಏಳತೈತಿ.
ಮುಳ್ಳು ಎರಡು ನೂರು ಮುಟ್ಟಿತಂದ್ರ ವಾಲ್ವ್ ಬಂದ್.
ಹನ್ನೊಂದು ವರ್ಷ
ನಾ ತುಂಬಿದ ಗಾಳಿ ಸಮುದ್ರದ ತಳಾ ನೋಡಿ ಬರತಿತ್ತು,
ನಾ ಶೆಡ್ಡಿನ್ಯಾಗ.

ದಿಲ್ಲಿಯವ್ರು, ಸೂರತದವ್ರು
ಗ್ರ್ಯಾಂಡ್ ಐಲ್ಯಾಂಡಿಗೆ ಹೋಗಿ ಬಂದು
ಫೋನಿನ್ಯಾಗ ತಮ್ಮ ಹೆಬ್ಬೆರಳು ತೋರಸತಿದ್ರು.
ಹಿಂದ ಮೀನ, ಬಿಸ್ಕೀಟಿನ ಚೂರಿಗೆ ಬಡದಾಡೂವು.
ಅದರ ಹಿಂದ ಕಂದು ಬಣ್ಣದ್ದು ಏನೋ.
ಕಲ್ಲಂತ ತಿಳಿದಿದ್ದೆ.

ಮೇ ತಿಂಗಳದಾಗ ಸಂಹಿತಾ ಮೇಡಮ್ ಬಂದ್ರು,
ಟೇಪ್ ಹಿಡಿಯಾಕ ಒಬ್ಬಾಂವ ಬೇಕು ಅಂದ್ರು.
ಕಾಯ್ತಾನ ನನ್ನ ಕಡೆ ಗದ್ದ ಮಾಡಿ ತೋರಿಸಿದ:
"ದುರಗ್ಯಾನ್ನ ಒಯ್ರಿ, ಸಣ್ಣಾಂವಿದ್ದಾಗಿಂದ ನೀರಾಗಽ ಇದ್ದಾನ."

ನಾ ತುಂಬಿದ ಗಾಳಿ ಮೊದಲ ಸಲ ನಾನಽ ಎಳಕೊಂಡೆ.
ರಬ್ಬರಿನ ರುಚಿ.
ಐದು ಮೀಟರ್, ಆರು. ನೀರು ಮಂದ, ಚಾದ ಹಂಗ.
ಮತ್ತ ಬೆಚ್ಚಗ, ನೆಗಡಿ ಬಂದಾಗ
ಅವ್ವ ಕಾಸಿ ಕೊಡೂ ಅಷ್ಟು.
ಮೂವತ್ತೆರಡು ಅಂತ ಮೇಡಮ್ ಪಾಟಿ ಮ್ಯಾಲ ಬರದ್ರು.
ನೀರಾಗ ಪೆನ್ಸಿಲ್ ಬರೀತೈತಿ ಅಂತ
ನನಗ ಗೊತ್ತಽ ಇರಲಿಲ್ಲ.

ಟೇಪಿನ ಕೆಳಗ
ಅಂಗೈ ಅಗಲದ್ದು, ರೊಟ್ಟಿ ಅಗಲದ್ದು,
ಒಂದು ನಮ್ಮ ತಗಡಿನ ಬಾಗಿಲದಷ್ಟು.
ಬೆಳ್ಳಗ.
ಸುಣ್ಣದ ಬಿಳುಪಲ್ಲ, ಹಾಲಿಂದಲ್ಲ.
ಮುರಿದ ಕಾಲಿನ ಪ್ಲಾಸ್ಟರ್ ಬಿಚ್ಚಿದಾಗ
ಒಳಗಿನ ತೊಗಲು ಇರತೈತಲ್ಲ,
ಹಂಗ.

ಬೋಟಿನ್ಯಾಗ ಕುಂತು ಹೇಳಿದ್ರು:
ಅದು ಕಲ್ಲಲ್ಲ, ಪ್ರಾಣಿ. ಸಾವಿರ ಬಾಯಿ.
ಅದರ ಮೈಯೊಳಗ ಪಾಚಿ ಬಾಡಿಗಿಗೆ ಇರತೈತಿ,
ಬಿಸಿಲಿನ್ಯಾಗ ಅಡಿಗಿ ಮಾಡಿ ಸಕ್ಕರಿ ಕೊಡತೈತಿ.
ಬಣ್ಣಾನೂ ಬಾಡಿಗಿಯವರದಽ.
ನೀರು ಕಾದ್ರ ಮಾಲಕನ ತಲಿ ಕೆಡತೈತಿ,
ಅವರನ್ನ ಹೊರಗ ಹಾಕತಾನ,
ಆಮ್ಯಾಲ ತಾನೂ ಹಸಗೊಂಡು ಕುಂದರತಾನ.

ಹೊರಗ ಹಾಕೂದು ನನಗ ಗೊತ್ತೈತಿ.
ಆರು ವರ್ಷದಾಂವ ಇದ್ದೆ, ಜೆಸಿಬಿ ಬಂತು.
ಅವ್ವ ಮೊದಲ ಸ್ಟೋ ಎತ್ತಿಕೊಂಡ್ಲು, ಆಮ್ಯಾಲ ನನ್ನ.
ಆದ್ರ ನಮ್ಮನ್ನ ಹಾಕಿದವ್ರು ಯಾರೂ
ಹಸಗೊಂಡು ಬೆಳ್ಳಗಾಗಿದ್ದು
ನಾ ನೋಡಿಲ್ಲ.

"ಸತ್ತಾವೇನ್ರಿ?"
"ಇನ್ನೂ ಇಲ್ಲ. ನೀರು ತಂಪಾದ್ರ ಪಾಚಿ ತಿರುಗಿ ಬರಬಹುದು."
ಎಷ್ಟು ದಿನಾ ತಡೀತಾವ ಅಂದ್ರ
ಪಡುವಣ ಮುಗಿಲ ನೋಡಿದ್ರು.
ಮಳಿ ಬಂದ್ರ ತಂಪು ಖರೆ,
ಝುವಾರಿ ಹೊಳಿ ಕೆಸರೂ ತರತೈತಿ,
ಬಂದರದ ಕಡೆಯ ಕರಿ ಪುಡಿನೂ.
ನಮ್ಮ ಕಿಟಕಿ ಒರಸಿದ ಅರಿವಿಗೆ ಹತ್ತತೈತಲ್ಲ, ಅದಽ.

ಒಂದರ ಮೈಯಾಗ ತಂತಿ ಸಿಕ್ಕೊಂಡಿತ್ತು,
ಹಸಿರು ಪ್ಲಾಸ್ಟಿಕ್ ಸುತ್ತಿದ್ದು.
ಕಾಯ್ತಾನನ ಲಂಗರದ ಕೊಂಡಿ ಮುರದಾಗ
ಹ್ವಾದ ದೀಪಾವಳಿಗೆ ನಾನಽ ಬಿಗಿದಿದ್ದು.
ಮೇಡಮ್‌ಗೆ ಹೇಳಲಿಲ್ಲ.

ರಾತ್ರಿ ಅವ್ವಗ ಅಂದೆ, ಹವಳ ನೋಡಿ ಬಂದೆ ಬೇ.
ಆಕಿ ತಾಳಿಯೊಳಗಿನ ಎರಡು ಕೆಂಪು ಮಣಿ ಹಿಡದು
"ಇಂಥಾವೇನು?"
"ಬೆಳ್ಳಗ ಆಗ್ಯಾವ."
ಸ್ವಲ್ಪ ಹೊತ್ತು ಮೀನಿನ ಹುರುಪಿ ತಗದ್ಲು.
"ಅಸಲಿ ಇದ್ದಾವು ಹಂಗಽ.
ಅಡಾ ಇಟ್ಟಾವು ಬಿಡಿಸಲಿಕ್ಕೆ ಆಗಲಿಲ್ಲ,
ಇವು ಮಡಗಾಂವ್‌ದಾಗ ಇಪ್ಪತ್ತು ರೂಪಾಯಿಗೆ ತಂದಿದ್ದು.
ಪ್ಲಾಸ್ಟಿಕ್ಕು. ಬಣ್ಣ ಬಿಡೂದಿಲ್ಲ."

ಮುಂಜಾನೆ ಐದು. ಇವತ್ತು ಹನ್ನೆರಡು ಸಿಲಿಂಡರು,
ನಾಗಪುರದ ಪಾರ್ಟಿ.
ನೂರಾ ಅರವತ್ತು, ನೂರಾ ಎಂಬತ್ತು.
ತುಂಬಿದಂಗ ಅವುಗಳ ಮೈ ಕಾಯತೈತಿ,
ನೀರು ಹಾಕಬೇಕು.
ಅಂಗೈ ಇಟ್ಟು ನೋಡತೀನಿ.
ಇನ್ನೂ ಬಿಸಿ.
ಇನ್ನೊಂದು ಬಕೀಟು.